ಗಿಡದ ಗಂಧವೂ ಅದರ ಗುಣವೂ
(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಕನ್ನಡ ಪಂಡಿತರಾದ ನಾವು ಈ ವೇದಿಕೆಯನ್ನೇರಿದಾಗಲೆಲ್ಲ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವೆವೆಂದು ತಾವು ನಿರೀಕ್ಷಿಸುವುದು ಸಹಜ. ಈ ಸಲ ಕಾರ್ಯದರ್ಶಿಗಳು ನಮ್ಮನ್ನು ಕರೆದು, ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಮನೆಮಂದಿಯೆಲ್ಲ ಕುಳಿತು ಕೇಳುವಂತೆ ಹೇಳಬೇಕೆಂದು ಅಪ್ಪಣೆ ಮಾಡಿದರು. ವಿಜ್ಞಾನದ ಅಧ್ಯಾಪಕರಿರುವಾಗ ಪಂಡಿತರೇಕೆ ಎಂದು ನಾವು ಕೇಳಿದೆವು. ‘ಅವರು ಹೇಳಿದರೆ ವಿಷಯ ಸರಿಯಿರುತ್ತದೆ, ಭಾಷೆ ಇಂಗ್ಲಿಷಾಗಿರುತ್ತದೆ, ತಾವು ಅವರಿಂದ ವಿಷಯವನ್ನು ಪಡೆದು ಕನ್ನಡದಲ್ಲಿ ಬಡಿಸಿ’ ಎಂದರು. ಅಡುಗೆ ಅವರದು, ಬಡಿಸುವ ಕೈ ನಮ್ಮದು. ಉಪ್ಪು ಖಾರ ಹೆಚ್ಚು ಕಡಿಮೆಯಾದರೆ ಬಡಿಸಿದವರನ್ನೇ ಬೈಯುವುದು ಲೋಕರೂಢಿ. ಅದಕ್ಕೂ ಸಿದ್ಧರಾಗಿಯೇ ಬಂದಿದ್ದೇವೆ.

ವಿಷಯವಾದರೋ ಸಸ್ಯಗಳ ಸುಗಂಧತೈಲ. ಮೊದಲು ಹೆಸರಿನ ಮಾತನ್ನೇ ಆಡಬೇಕಾಗಿದೆ, ಏಕೆಂದರೆ ತೊಡಕು ಅಲ್ಲಿಂದಲೇ ಮೊದಲಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಎಸೆನ್ಷಿಯಲ್ ಆಯಿಲ್’ ಎಂದು ಹೆಸರು. ಎಸೆನ್ಷಿಯಲ್ ಎಂದರೆ ಅವಶ್ಯವಾದದ್ದು ಎಂದು ನಿಘಂಟು ನೋಡಿದವರೆಲ್ಲ ಬಲ್ಲರು. ಅದರಿಂದಾಗಿ ಈಗ ಮೊಬೈಲುಗಳಲ್ಲಿ ಹರಿದಾಡುವ ಕನ್ನಡ ಬರಹಗಳಲ್ಲಿ ಇದನ್ನು ‘ಅಗತ್ಯ ತೈಲ’ವೆಂದೂ ‘ಅವಶ್ಯಕ ಎಣ್ಣೆ’ಯೆಂದೂ ಬರೆದಿರುವುದನ್ನು ಕಾಣುತ್ತೇವೆ. ಹಿಂದಿನ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಂತಹದೊಂದು ಬರಹವನ್ನು ಓದಿ ಬಂದು, ‘ಮಾಸ್ಟ್ರೇ, ಅಗತ್ಯ ತೈಲ ಎಂದರೆ ಶರೀರಕ್ಕೆ ಬೇಕೇ ಬೇಕಾದ ಎಣ್ಣೆಯೋ? ದಿನಕ್ಕೆ ಎಷ್ಟು ಕುಡಿಯಬೇಕು?’ ಎಂದು ಕೇಳಿದಳು. ತರಗತಿ ನಕ್ಕಿತು, ನಮಗೆ ನಗು ಬರಲಿಲ್ಲ. ಪ್ರಶ್ನೆ ನ್ಯಾಯವಾದದ್ದು, ತಪ್ಪೆಲ್ಲ ಪದದ್ದು. ಇಂಗ್ಲಿಷಿನ ಆ ಶಬ್ದ ಇಲ್ಲಿ ‘ಎಸೆನ್ಸ್’, ಅಂದರೆ ಸಾರ, ಎಂಬುದರಿಂದ ಹುಟ್ಟಿದ ವಿಶೇಷಣ. ಗಿಡದ ಸಾರವನ್ನು ಹೊತ್ತ ಎಣ್ಣೆ ಎಂದಷ್ಟೇ ಅದರ ಅರ್ಥ. ಮನುಷ್ಯನಿಗೆ ಅವಶ್ಯವೆಂಬ ಅರ್ಥ ಅದರಲ್ಲಿ ಲವಲೇಶವೂ ಇಲ್ಲ. ಸಾರತೈಲವೆನ್ನಿ, ಸುಗಂಧತೈಲವೆನ್ನಿ, ಆವಿಯಾಗುವ ಗುಣವನ್ನು ಹಿಡಿದು ಬಾಷ್ಪಶೀಲ ತೈಲವೆನ್ನಿ, ಮೂರೂ ಸಲ್ಲುತ್ತವೆ. ನಾವು ಸುಗಂಧತೈಲವೆಂದೇ ಕರೆಯೋಣ. ಅವುಗಳಲ್ಲಿ ಕೆಲವು ದುರ್ಗಂಧವೂ ಹೌದೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಿಕೊಳ್ಳುವೆವು.

ಎಣ್ಣೆ ಎಂದೊಡನೆ ನಮಗೆ ತೆಂಗಿನೆಣ್ಣೆ, ಎಳ್ಳೆಣ್ಣೆಗಳ ನೆನಪಾಗುತ್ತದೆ. ಇದು ಆ ಜಾತಿಯದಲ್ಲ. ಒಂದು ಹಾಳೆಯ ಮೇಲೆ ಒಂದು ತೊಟ್ಟು ತೆಂಗಿನೆಣ್ಣೆಯನ್ನೂ, ಪಕ್ಕದಲ್ಲಿ ಒಂದು ತೊಟ್ಟು ನೀಲಗಿರಿ ಎಣ್ಣೆಯನ್ನೂ ಹಾಕಿ ನೋಡಿ. ಮಾರನೆಯ ದಿನ ತೆಂಗಿನೆಣ್ಣೆಯ ಜಿಡ್ಡು ಇದ್ದಂತೆಯೇ ಇರುತ್ತದೆ. ನೀಲಗಿರಿ ಎಣ್ಣೆಯ ಕಲೆ ಮಾಯವಾಗಿರುತ್ತದೆ. ಮೊದಲನೆಯದು ಕೊಬ್ಬು, ಆಹಾರ. ಎರಡನೆಯದು ಸಣ್ಣ ಸಣ್ಣ ಅಣುಗಳ ಮಿಶ್ರಣ, ಗಾಳಿಗೆ ಹಾರಿಹೋಗುವಂತಹದು. ಹಾರಿ ಬಂದು ಮೂಗನ್ನು ಮುಟ್ಟುವುದರಿಂದಲೇ ಅದಕ್ಕೆ ಗಂಧ.

ಗಿಡವು ಇದನ್ನು ಎಲ್ಲಿ ಇಟ್ಟುಕೊಂಡಿರುತ್ತದೆ? ನಮ್ಮ ಅಂಗಳದ ದೊಡ್ಡಪತ್ರೆಯ ಎಲೆಯನ್ನು ಬಿಸಿಲಿಗೆ ಹಿಡಿದು ಭೂತಗಾಜಿನಲ್ಲಿ ನೋಡಿದರೆ ಸಣ್ಣ ರೋಮಗಳು ಕಾಣುತ್ತವೆ. ಆ ರೋಮಗಳಲ್ಲಿ ಕೆಲವು ತುದಿಯಲ್ಲಿ ಎಣ್ಣೆಯ ಗುಂಡುತಲೆಯನ್ನು ಹೊತ್ತಿರುತ್ತವೆ. ತುಳಸಿಯದೂ ಪುದೀನದ್ದೂ ಇದೇ ಕ್ರಮ. ಕಿತ್ತಳೆ, ನಿಂಬೆಗಳ ಸಿಪ್ಪೆಯಲ್ಲಿ ಸಣ್ಣ ಚೀಲಗಳಿವೆ. ಸಿಪ್ಪೆಯನ್ನು ಮಡಿಸಿ ದೀಪದ ಎದುರು ಹಿಂಡಿದರೆ ಚಿಟಚಿಟನೆ ಕಿಡಿ ಹಾರುವುದನ್ನು ಮಕ್ಕಳೆಲ್ಲರೂ ಕಂಡಿದ್ದಾರೆ. ಶ್ರೀಗಂಧದಲ್ಲಿ ಎಣ್ಣೆ ತಿರುಳಿನಲ್ಲಿದೆ, ಲಾವಂಚದಲ್ಲಿ ಬೇರಿನಲ್ಲಿದೆ, ಲವಂಗದಲ್ಲಿ ಅರಳದ ಮೊಗ್ಗಿನಲ್ಲಿದೆ. ಗಿಡಕ್ಕೆ ಇದರಿಂದ ಏನು ಪ್ರಯೋಜನ? ಓಡಲಾರದ ಜೀವಿಗೆ ವಾಸನೆಯೇ ಆಯುಧ. ಎಲೆ ತಿನ್ನುವ ಹುಳುವನ್ನು ದೂರವಿಡಲು, ಬೂಷ್ಟನ್ನು ತಡೆಯಲು, ದುಂಬಿಯನ್ನು ಕರೆಯಲು ಗಿಡ ಇದನ್ನು ಬಳಸುತ್ತದೆ. ನಮ್ಮ ನೆಗಡಿಗಾಗಿ ಅಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಆಯುಧ ಹುಳುವಿಗೆ ತಾಗುವುದಾದರೆ ನಮಗೂ ತಾಗಬಹುದು.

ಇನ್ನು ಎಣ್ಣೆಯನ್ನು ತೆಗೆಯುವ ಬಗೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಪ್ರಸಿದ್ಧವಾದದ್ದು ಮಜ್ಜಿಗೆಹುಲ್ಲು. ವಯನಾಡು, ಇಡುಕ್ಕಿಗಳ ಬೆಟ್ಟದ ಇಳಿಜಾರುಗಳಲ್ಲಿ ಹುಲ್ಲನ್ನು ಕೊಯ್ದು ದೊಡ್ಡ ಹಂಡೆಗಳಲ್ಲಿ ತುಂಬಿ ಬಟ್ಟಿ ಇಳಿಸುವ ಒಲೆಗಳನ್ನು ಹಿರಿಯರು ಕಂಡಿರಬಹುದು. ಹಂಡೆಯ ಬಾಯಿಗೆ ಮುಚ್ಚಳ, ಮುಚ್ಚಳಕ್ಕೊಂದು ಕೊಳವೆ, ಕೊಳವೆ ಹಾದುಹೋಗುವಲ್ಲಿ ತಣ್ಣೀರಿನ ತೊಟ್ಟಿ, ಕೊನೆಗೆ ಒಂದು ಪಾತ್ರೆ. ಹಬೆಯೊಡನೆ ಎಣ್ಣೆ ಹೊರಡುತ್ತದೆ, ತಣ್ಣೀರಿನಲ್ಲಿ ತಣಿದು ನೀರೂ ಎಣ್ಣೆಯೂ ಬೇರೆಯಾಗಿ, ಎಣ್ಣೆ ಮೇಲೆ ತೇಲುತ್ತದೆ.

ಇದರಲ್ಲಿ ಒಂದು ವಿಸ್ಮಯವುಂಟು. ಮಜ್ಜಿಗೆಹುಲ್ಲಿನ ಎಣ್ಣೆಯ ಮುಖ್ಯ ದ್ರವ್ಯಕ್ಕೆ ಸಿಟ್ರಾಲ್ ಎಂದು ಹೆಸರು. ಅದೊಂದನ್ನೇ ಕಾಯಿಸಿದರೆ ಕುದಿಯುವುದಕ್ಕೆ ಸುಮಾರು ೨೨೯ ಡಿಗ್ರಿ ಸೆಂಟಿಗ್ರೇಡ್ ಬೇಕು. ಆ ಶಾಖದಲ್ಲಿ ಅದು ಕೆಡುವ ಭಯವೂ ಇದೆ. ಹೀಗಿರಲು ೧೦೦ ಡಿಗ್ರಿಯ ಹಬೆಯಲ್ಲಿ ಅದು ಹೊರಡುವುದು ಹೇಗೆ? ನೀರಿನಲ್ಲಿ ಕರಗದ ದ್ರವವೊಂದು ನೀರಿನೊಡನೆ ಕಾದಾಗ, ಎರಡೂ ತಮ್ಮ ತಮ್ಮ ಆವಿಯ ಒತ್ತಡವನ್ನು ಬೇರೆ ಬೇರೆಯಾಗಿ ಕೊಡುತ್ತವೆ. ಆ ಎರಡು ಒತ್ತಡಗಳ ಮೊತ್ತವು ಗಾಳಿಯ ಒತ್ತಡಕ್ಕೆ ಸಮನಾದ ಕ್ಷಣದಲ್ಲಿ ಕುದಿತ ಆರಂಭವಾಗುತ್ತದೆ. ಎಣ್ಣೆ ತನ್ನ ಪಾಲನ್ನು ಸ್ವಲ್ಪವೇ ಕೊಟ್ಟರೂ ಸಾಕು, ಮಿಶ್ರಣವು ನೂರು ಡಿಗ್ರಿಗಿಂತ ತುಸು ಕೆಳಗೇ ಕುದಿಯುತ್ತದೆ. ಇಬ್ಬರು ಸೇರಿ ಎತ್ತುವ ಹೊರೆಯಂತೆ: ದುರ್ಬಲನು ಒಂದು ಬೆರಳು ಕೊಟ್ಟರೂ ಬಲಿಷ್ಠನಿಗೆ ಅಷ್ಟು ಭಾರ ಕಡಿಮೆ. ಬೆಟ್ಟದ ಮೇಲೆ ಹಂಡೆಯನ್ನಿಟ್ಟ ರೈತನಿಗೆ ಈ ನಿಯಮದ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಒಲೆ ಹೊತ್ತಿಸಲು ಬರುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡೋಣ.

ನೂರು ಕಿಲೋ ಹಸಿಹುಲ್ಲಿಗೆ ಅರ್ಧ ಕಿಲೋ ಎಣ್ಣೆ ಬಂದರೆ ಅದೇ ಹೆಚ್ಚು. ಅದು ಕೊಚ್ಚಿಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಲೋಕದ ಮಾರುಕಟ್ಟೆಯಲ್ಲಿ ‘ಕೊಚ್ಚಿನ್ ಎಣ್ಣೆ’ ಎಂದೇ ಹೆಸರಾಯಿತು. ೧೯೫೧ರಲ್ಲಿ ಪೆರುಂಬಾವೂರಿನ ಸಮೀಪದ ಓಡಕ್ಕಾಲಿಯಲ್ಲಿ ಈ ಹುಲ್ಲಿಗಾಗಿಯೇ ಸಂಶೋಧನ ಕೇಂದ್ರವೊಂದು ಹುಟ್ಟಿತು. ಅಲ್ಲಿ ಆರಿಸಿ ಬೆಳೆಸಿದ ಓಡಿ-೧೯ ಎಂಬ ತಳಿಗೆ ‘ಸುಗಂಧಿ’ ಎಂದು ಹೆಸರಿಟ್ಟರು. ಎಣ್ಣೆಯ ಮುಕ್ಕಾಲು ಪಾಲಿನಷ್ಟು ಸಿಟ್ರಾಲ್. ಸಾಬೂನಿಗೆ ನಿಂಬೆಯ ಪರಿಮಳ ಕೊಡುವುದಷ್ಟೇ ಅದರ ಕೆಲಸವಾಗಿರಲಿಲ್ಲ. ಸಿಟ್ರಾಲಿನಿಂದ ಬೀಟಾ ಅಯೊನೋನ್ ಎಂಬ ದ್ರವ್ಯವನ್ನೂ, ಅದರಿಂದ ‘ಎ’ ಜೀವಸತ್ವವನ್ನೂ ಮಾಡುವ ದಾರಿ ಎರಡನೆಯ ಮಹಾಯುದ್ಧದ ಬಳಿಕ ತೆರೆಯಿತು. ಸ್ವಿಟ್ಜರ್ಲೆಂಡಿನಲ್ಲಿ ಓಟೋ ಈಸ್ಲರ್ ಮತ್ತು ಸಂಗಡಿಗರು ೧೯೪೭ರಲ್ಲಿ ಆ ಜೀವಸತ್ವವನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದರು. ಮಲೆಯಾಳ ನಾಡಿನ ಗುಡ್ಡದ ಹುಲ್ಲು ಯೂರೋಪಿನ ಮಕ್ಕಳ ಕಣ್ಣಿಗೆ ಮದ್ದಾಗುವ ಕಾಲವೊಂದಿತ್ತು. ಆಮೇಲೆ ಕಲ್ಲೆಣ್ಣೆಯ ವಸ್ತುಗಳಿಂದಲೇ ಸಿಟ್ರಾಲನ್ನು ಕಾರ್ಖಾನೆಯಲ್ಲಿ ಮಾಡತೊಡಗಿದರು. ಹುಲ್ಲಿನ ಬೆಲೆ ಕುಸಿಯಿತು, ಒಲೆಗಳು ಆರಿದವು, ಗುಡ್ಡಗಳನ್ನು ರಬ್ಬರು ಹತ್ತಿತು. ಅಣು ಎರಡು ಕಡೆಯಲ್ಲೂ ಒಂದೇ. ವ್ಯತ್ಯಾಸ ರೈತನ ಕಿಸೆಗೆ ಮಾತ್ರ.

ಈ ಎಣ್ಣೆಗಳೊಳಗೆ ಏನಿದೆ ಎಂಬುದನ್ನು ಮೊದಲು ಕ್ರಮವಾಗಿ ಬಿಡಿಸಿದವರು ಜರ್ಮನಿಯ ಓಟೋ ವಾಲಾಖ್. ಬಾನ್ ನಗರದಲ್ಲಿ ಮಹಾರಸಾಯನಜ್ಞ ಕೆಕುಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿ ಸುಗಂಧತೈಲದ ಬಾಟಲಿಗಳು ವರ್ಷಾನುಗಟ್ಟಲೆ ಯಾರೂ ಮುಟ್ಟದೆ ಕುಳಿತಿದ್ದುವು. ಒಂದೊಂದು ಎಣ್ಣೆಯಲ್ಲೂ ಹತ್ತಾರು ದ್ರವ್ಯ, ಒಂದನ್ನೊಂದು ಹೋಲುವಂತಹವು. ಬಿಡಿಸಲಾಗದ ಗೋಜಲೆಂದು ಎಲ್ಲರೂ ಕೈಬಿಟ್ಟಿದ್ದರು. ವಾಲಾಖರು ಆ ಬಾಟಲಿಗಳನ್ನು ಕೈಗೆತ್ತಿಕೊಂಡರು. ಆ ಗೋಜಲನ್ನು ಬಿಡಿಸಿದ್ದಕ್ಕಾಗಿ ೧೯೧೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಐದು ಇಂಗಾಲದ ಪರಮಾಣುಗಳ ಒಂದು ತುಂಡು ಎರಡು ಸಲ, ಮೂರು ಸಲ ಜೋಡಿಕೊಂಡು ಈ ಬಹುಪಾಲು ದ್ರವ್ಯಗಳಾಗಿವೆ ಎಂಬುದು ಅವರಿಂದ ಆರಂಭವಾಗಿ, ೧೯೩೯ರ ನೊಬೆಲ್ ಪಡೆದ ರುಜಿಚ್ಕರ ಕೈಯಲ್ಲಿ ಸ್ಥಿರವಾದ ಸಿದ್ಧಾಂತ. ಛಂದಸ್ಸು ಕಲಿಸುವ ನಮಗೆ ಇದನ್ನು ಕೇಳಿದಾಗ ಗಣಗಳ ನೆನಪಾಯಿತು: ಗಣ ಅದೇ, ಜೋಡಣೆ ಬೇರೆ, ವೃತ್ತವೇ ಬೇರೆ.

ಕನ್ನಡ ನಾಡಿಗೂ ಈ ಕಥೆಯಲ್ಲಿ ಒಂದು ಗೌರವದ ಸ್ಥಾನವಿದೆ. ಮೈಸೂರಿನ ಶ್ರೀಗಂಧದ ಕೊರಡು ಮೊದಲು ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಯುದ್ಧ ಆರಂಭವಾಗಿ ಆ ದಾರಿ ಮುಚ್ಚಿತು. ಕೊರಡು ಇಲ್ಲೇ ಉಳಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಇಲ್ಲಿಯೇ ಎಣ್ಣೆ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. ೧೯೧೬ರಲ್ಲಿ ಮೈಸೂರು ಸಂಸ್ಥಾನದ ಗಂಧದೆಣ್ಣೆ ಉದ್ಯಮ ಆರಂಭವಾಯಿತು. ಅದೇ ಇಬ್ಬರೊಡನೆ ಬಿ. ಸಂಜೀವರಾಯರು ಸೇರಿ ೧೯೨೫ರಲ್ಲಿ ಭಾರತದ ಸುಗಂಧತೈಲಗಳ ಸಮೀಕ್ಷೆಯೊಂದನ್ನು ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ದೇಶದ ಯಾವ ಗಿಡದಲ್ಲಿ ಎಂತಹ ಎಣ್ಣೆ ಎಂದು ಹುಡುಕುವವರು ಇಂದಿಗೂ ಅದನ್ನು ತಿರುವಿ ನೋಡುತ್ತಾರೆ.

ಒಂದೇ ಹೆಸರು, ಒಂದೇ ಗಿಡ, ಆದರೂ ಎಣ್ಣೆ ಒಂದೇ ಅಲ್ಲ ಎಂಬುದಕ್ಕೆ ದಾಲ್ಚಿನ್ನಿ ಮರಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗದು. ಅದರ ತೊಗಟೆಯ ಎಣ್ಣೆಯಲ್ಲಿ ಮುಖ್ಯವಾದದ್ದು ಸಿನ್ನಮಾಲ್ಡಿಹೈಡ್. ಎಲೆಯ ಎಣ್ಣೆಯಲ್ಲಿ ಲವಂಗದ ಯೂಜಿನಾಲ್. ಬೇರಿನ ತೊಗಟೆಯಲ್ಲಿ ಕರ್ಪೂರ. ಒಂದೇ ಮನೆಯ ಮೂವರು ಮಕ್ಕಳಂತೆ, ಮುಖದ ಹೋಲಿಕೆಯೂ ಇಲ್ಲ. ಇನ್ನೂ ಸೂಕ್ಷ್ಮವಾದ ವಿಚಿತ್ರವೆಂದರೆ ಕಾರ್ವೋನ್ ಎಂಬ ಅಣು. ಅದಕ್ಕೆ ಎಡಗೈ ಬಲಗೈಗಳಂತೆ ಎರಡು ರೂಪ, ಒಂದು ಇನ್ನೊಂದರ ಕನ್ನಡಿಯ ಬಿಂಬ. ಒಂದು ರೂಪಕ್ಕೆ ಪುದೀನದ ಒಂದು ಬಗೆಯ ಪರಿಮಳ, ಇನ್ನೊಂದಕ್ಕೆ ಶಾಜೀರಿಗೆಯ ಪರಿಮಳ. ಕಣ್ಣಿಗೆ ಕಾಣದ ಎಡಬಲಗಳನ್ನು ಮೂಗು ಗುರುತಿಸುತ್ತದೆ. ಮೂಗು ನಮ್ಮ ಪಂಚೇಂದ್ರಿಯಗಳಲ್ಲಿ ಕನಿಷ್ಠವೆಂದು ಭಾವಿಸಿದವರು ಇದನ್ನು ಯೋಚಿಸಬೇಕು.

ಇನ್ನು ಮುಖ್ಯ ವಿಷಯ: ಈ ತೈಲಗಳು ಜೀವಿಗಳ ಮೇಲೆ ಮಾಡುವ ಕಾರ್ಯ. ಇಲ್ಲಿ ಎರಡು ಗುಂಪಿನವರ ಗದ್ದಲವನ್ನು ಕೇಳುತ್ತೇವೆ. ಅಜ್ಜಿಯ ಮದ್ದೆಲ್ಲ ಮೂಢನಂಬಿಕೆ ಎನ್ನುವವರು ಒಂದು ಕಡೆ. ಗಿಡದಿಂದ ಬಂದದ್ದರಲ್ಲಿ ಕೆಡುಕೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಪ್ರಯೋಗಶಾಲೆ ಇಬ್ಬರ ಮಾತನ್ನೂ ಒಪ್ಪಿಲ್ಲ.

ಹಲ್ಲುನೋವಿಗೆ ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಇಡುವುದು ನಮ್ಮ ಮನೆಮನೆಯ ಮದ್ದು. ಆ ಎಣ್ಣೆಯ ಬಹುಪಾಲಾದ ಯೂಜಿನಾಲ್ ನರದ ನೋವನ್ನು ಸ್ವಲ್ಪ ಕಾಲ ಮರಗಟ್ಟಿಸುವುದು ನಿಜ. ದಂತವೈದ್ಯರು ಸತುವಿನ ಆಕ್ಸೈಡಿನೊಡನೆ ಯೂಜಿನಾಲನ್ನು ಕಲಸಿ ಹಲ್ಲಿನ ಕುಳಿಗೆ ತುಂಬುವ ಗಾರೆ ಮಾಡುತ್ತಾರೆ. ವೈದ್ಯರ ಕೊಠಡಿಯ ಪರಿಚಿತ ವಾಸನೆ ಅದರದ್ದೇ. ಓಮದ ಎಣ್ಣೆಯಲ್ಲಿ ಥೈಮಾಲ್ ಇದೆ. ನಮ್ಮ ದೊಡ್ಡಪತ್ರೆಯಲ್ಲಿ ಅದೂ ಅದರ ಸೋದರನಾದ ಕಾರ್ವಕ್ರಾಲೂ ಇವೆ. ಇವು ಬ್ಯಾಕ್ಟೀರಿಯದ ಪೊರೆಯಲ್ಲಿ ಕರಗಿ ಸೇರಿಕೊಂಡು ಅದನ್ನು ಸಡಿಲಿಸುತ್ತವೆ; ಒಳಗಿನ ಲವಣಗಳು ಸೋರಿಹೋಗಿ ಅದು ಸಾಯುತ್ತದೆ. ಬಾವಿಯ ಕಟ್ಟೆಯ ಗಾರೆ ಬಿಟ್ಟರೆ ನೀರು ನಿಲ್ಲುವುದುಂಟೆ? ಬಾಯಿ ಮುಕ್ಕಳಿಸುವ ದ್ರವಗಳಲ್ಲಿ ಥೈಮಾಲನ್ನು ನೂರು ವರ್ಷಕ್ಕೂ ಮೀರಿ ಬಳಸುತ್ತ ಬಂದಿರುವುದು ಈ ಕಾರಣದಿಂದ.

ಇಂತಹ ಪರೀಕ್ಷೆಯನ್ನು ಮಾಡುವ ಕ್ರಮ ಸರಳ. ಗಾಜಿನ ತಟ್ಟೆಯಲ್ಲಿ ಅಂಟಿನಂತಹ ಆಹಾರವನ್ನು ಹರಡಿ ಬ್ಯಾಕ್ಟೀರಿಯವನ್ನು ಬಿತ್ತುತ್ತಾರೆ. ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಮಾರನೆಯ ದಿನ ಬಿಲ್ಲೆಯ ಸುತ್ತ ಬೆಳೆ ಬಾರದ ಬೋಳು ವೃತ್ತವಿದ್ದರೆ ಎಣ್ಣೆಗೆ ಶಕ್ತಿಯುಂಟೆಂದು ಅರ್ಥ. ಇಂತಹ ವೃತ್ತಗಳ ವರದಿಗಳು ಸಾವಿರಗಟ್ಟಲೆ ಅಚ್ಚಾಗಿವೆ. ಪತ್ರಿಕೆಗಳಲ್ಲಿ ‘ಇಂತಹ ಎಲೆಯ ಎಣ್ಣೆ ಇಂತಹ ರೋಗವನ್ನು ನಾಶಮಾಡುತ್ತದೆ’ ಎಂದು ಓದಿದಾಗ ಅದರ ಹಿಂದೆ ಹೆಚ್ಚಿನ ಸಲ ಇರುವುದು ಆ ಬೋಳು ವೃತ್ತ ಮಾತ್ರ. ತಟ್ಟೆ ಬೇರೆ, ದೇಹ ಬೇರೆ. ತಟ್ಟೆಯಲ್ಲಿ ಬ್ಯಾಕ್ಟೀರಿಯವನ್ನು ಕೊಲ್ಲುವಷ್ಟು ಎಣ್ಣೆ ರಕ್ತದಲ್ಲಿ ಸೇರಬೇಕಾದರೆ, ಬ್ಯಾಕ್ಟೀರಿಯಕ್ಕಿಂತ ಮೊದಲು ರೋಗಿಯೇ ಹೋಗಬಹುದು. ಬೆಂಕಿಯೂ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಬೆಂಕಿಯನ್ನು ಯಾರೂ ನುಂಗುವುದಿಲ್ಲ.

ಆದುದರಿಂದ ನಂಬತಕ್ಕದ್ದು ಮನುಷ್ಯರ ಮೇಲೆ, ಹೋಲಿಕೆಯಿಟ್ಟು ಮಾಡಿದ ಪರೀಕ್ಷೆ. ಅಂತಹವೂ ಇವೆ. ಆಸ್ಟ್ರೇಲಿಯದ ಟೀ ಟ್ರೀ ಎಂಬ ಮರದ ಎಣ್ಣೆಯನ್ನು ಮೊಡವೆಗೆ ಹಚ್ಚಿ ೧೨೪ ಮಂದಿಯಲ್ಲಿ ನೋಡಿದ ಪರೀಕ್ಷೆಯೊಂದು ೧೯೯೦ರಲ್ಲಿ ಪ್ರಕಟವಾಯಿತು. ನೂರಕ್ಕೆ ಐದರ ಆ ಎಣ್ಣೆ ಮತ್ತು ನೂರಕ್ಕೆ ಐದರ ಬೆಂಜಾಯಿಲ್ ಪೆರಾಕ್ಸೈಡ್ ಎರಡೂ ಮೊಡವೆಯನ್ನು ತಗ್ಗಿಸಿದುವು. ಎಣ್ಣೆಯದು ನಿಧಾನದ ಕೆಲಸ, ಆದರೆ ಉರಿ ತುರಿಕೆಗಳು ಕಡಿಮೆ. ಪುದೀನದ ಎಣ್ಣೆಯನ್ನು ಕರುಳಿನಲ್ಲಿ ಮಾತ್ರ ಕರಗುವ ಕೋಶದಲ್ಲಿಟ್ಟು ಕೊಟ್ಟರೆ ಕರುಳಿನ ಸೆಳೆತದಿಂದ ನರಳುವವರಿಗೆ ಉಪಶಮನವಾಗುವುದನ್ನು ಹಲವು ಪರೀಕ್ಷೆಗಳು ತೋರಿಸಿವೆ, ವೈದ್ಯರೂ ಒಪ್ಪಿದ್ದಾರೆ. ನೀಲಗಿರಿ ಎಣ್ಣೆಯ ಮುಖ್ಯ ದ್ರವ್ಯವಾದ ಸಿನಿಯೋಲನ್ನು ಬೇರ್ಪಡಿಸಿ, ೨೦೦ ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಸಲ, ಹನ್ನೆರಡು ವಾರ, ೩೨ ಮಂದಿ ಉಬ್ಬಸದ ರೋಗಿಗಳಲ್ಲಿ ಜರ್ಮನಿಯ ವೈದ್ಯರು ಪರೀಕ್ಷಿಸಿದರು. ೨೦೦೩ರಲ್ಲಿ ಫಲವನ್ನು ಪ್ರಕಟಿಸಿದರು. ಅರ್ಧ ಮಂದಿಗೆ ಸಿನಿಯೋಲ್, ಅರ್ಧ ಮಂದಿಗೆ ಹುಸಿಮದ್ದು. ಮೊದಲ ಗುಂಪಿನವರು ನುಂಗುತ್ತಿದ್ದ ಸ್ಟೀರಾಯ್ಡ್ ಮದ್ದನ್ನು ನೂರಕ್ಕೆ ೩೬ರಷ್ಟು ಇಳಿಸಲಾಯಿತು, ಎರಡನೆಯವರಲ್ಲಿ ೭ರಷ್ಟು ಮಾತ್ರ. ಗಮನಿಸಿ: ಅಳೆದ ಪ್ರಮಾಣ, ಶುದ್ಧೀಕರಿಸಿದ ದ್ರವ್ಯ, ವೈದ್ಯರ ಕಾವಲು. ಸೀಸೆಯಿಂದ ಚಮಚಕ್ಕೆ ಸುರಿದದ್ದಲ್ಲ.

ಪುದೀನದ ಮೆಂಥಾಲಿನ ಕಥೆಯಂತೂ ಬಹಳ ರಸವತ್ತಾದದ್ದು. ಮೂಗು ಕಟ್ಟಿದಾಗ ಮೆಂಥಾಲ್ ಬೆರೆತ ಮುಲಾಮನ್ನು ಮೂಸಿದರೆ ಮೂಗು ತೆರೆದಂತೆ ಭಾಸವಾಗುತ್ತದೆ. ಬ್ರಿಟನ್ನಿನಲ್ಲಿ ರೊನಾಲ್ಡ್ ಎಕಲ್ಸ್ ಎಂಬವರು ಉಪಕರಣದಿಂದ ಮೂಗಿನೊಳಗಿನ ಗಾಳಿಯ ಅಡ್ಡಿಯನ್ನು ಅಳೆದು ನೋಡಿದರು. ಅಡ್ಡಿ ಹಾಗೆಯೇ ಇತ್ತು, ತೆರೆದಂತಹ ಅನುಭವ ಮಾತ್ರ ಹೊಸದು! ಇದು ಹೇಗೆ? ನಮ್ಮ ನರಗಳ ತುದಿಯಲ್ಲಿ ತಂಪನ್ನು ಗ್ರಹಿಸುವ ಬಾಗಿಲೊಂದಿದೆ. ನಿಜವಾದ ಶೀತ ಬಂದಾಗ ಅದು ತೆರೆಯುತ್ತದೆ. ಮೆಂಥಾಲ್ ಬಂದಾಗಲೂ ತೆರೆಯುತ್ತದೆ. ಮಿದುಳಿಗೆ ಹೋಗುವ ಸುದ್ದಿ ಎರಡು ಸಲವೂ ‘ತಂಪು’ ಎಂದೇ. ಆ ಬಾಗಿಲನ್ನು ೨೦೦೨ರಲ್ಲಿ ಅಮೆರಿಕದ ಎರಡು ಪ್ರಯೋಗಶಾಲೆಗಳು ಬೇರೆ ಬೇರೆಯಾಗಿ ಕಂಡುಹಿಡಿದುವು. ಅವುಗಳ ಮುಖ್ಯಸ್ಥರಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ, ಸ್ಪರ್ಶ ಹಾಗೂ ಶೀತೋಷ್ಣಗಳ ಗ್ರಹಣವನ್ನು ಬಿಡಿಸಿದ್ದಕ್ಕಾಗಿ, ೨೦೨೧ರ ವೈದ್ಯ ನೊಬೆಲ್ ದೊರಕಿತು. ಅಜ್ಜಿ ಹೇಳುವ ‘ತಂಪು ಪದಾರ್ಥ’ ಎಂಬ ಮಾತಿಗೆ ಕನಿಷ್ಠಪಕ್ಷ ಪುದೀನದ ಮಟ್ಟಿಗೆ ನೊಬೆಲ್ ಸಮಿತಿಯ ಮುದ್ರೆ ಬಿದ್ದಿದೆ. ಆದರೆ ನೆಗಡಿ ಗುಣವಾಯಿತೆಂದು ಆ ಮುದ್ರೆ ಹೇಳುವುದಿಲ್ಲ.

ಸೊಳ್ಳೆಯ ವಿಷಯವನ್ನು ಹೇಳದಿದ್ದರೆ ಈ ಊರಿನ ಮಳೆಗಾಲ ನಮ್ಮನ್ನು ಕ್ಷಮಿಸಲಾರದು. ಸಿಟ್ರೊನೆಲ್ಲ ಹುಲ್ಲಿನ ಎಣ್ಣೆಯಿಂದ ಮಾಡಿದ ಲೇಪಗಳು ಅಂಗಡಿಯಲ್ಲಿ ಬಹಳ. ೨೦೦೨ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಲೇಪ ಹಚ್ಚಿದ ತೋಳನ್ನು ಸೊಳ್ಳೆಗಳ ಪಂಜರದೊಳಗೆ ಇಟ್ಟು ಮೊದಲ ಕಡಿತಕ್ಕೆ ಎಷ್ಟು ಹೊತ್ತೆಂದು ಎಣಿಸಿದರು. ಸಿಟ್ರೊನೆಲ್ಲದ ಲೇಪಗಳು ಸರಾಸರಿಯಲ್ಲಿ ೨೦ ನಿಮಿಷವೂ ನಿಲ್ಲಲಿಲ್ಲ. ನಿಂಬೆಗಂಧದ ನೀಲಗಿರಿಯಿಂದ ಪಡೆದ ದ್ರವ್ಯವುಳ್ಳ ಲೇಪ ಸುಮಾರು ಎರಡು ಗಂಟೆ ಕಾಯಿತು. ಡೀಟ್ ಎಂಬ ಕೃತಕ ದ್ರವ್ಯ ಐದು ಗಂಟೆ ಕಾಯಿತು. ಕಾರಣ ನಾವು ಮೊದಲೇ ಹೇಳಿದ ಕಾಗದದ ಕಲೆಯಲ್ಲಿದೆ: ಹಾರಿಹೋಗುವುದೇ ಸುಗಂಧತೈಲದ ಸ್ವಭಾವ. ಸಂಜೆ ಏಳಕ್ಕೆ ಹಚ್ಚಿದ್ದು ಏಳೂವರೆಗೆ ಇಲ್ಲ. ಡೆಂಗಿಯ ಕಾಲದಲ್ಲಿ ಮಕ್ಕಳನ್ನು ಅದೊಂದರ ಭರವಸೆಯಲ್ಲಿ ಬಿಡಬಾರದು. ಸೊಳ್ಳೆಪರದೆ ಇರಲಿ, ತೆಂಗಿನ ಗೆರಟೆಯ ನೀರು ಚೆಲ್ಲಲಿ.

ಈಗ ನಾವು ಈ ಉಪನ್ಯಾಸವನ್ನು ಒಪ್ಪಿಕೊಳ್ಳಲು ನಿಜವಾದ ಕಾರಣವನ್ನು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಮನೆಯೊಂದರಲ್ಲಿ ನಾಲ್ಕು ವರ್ಷದ ಮಗುವಿಗೆ ಕೆಮ್ಮು. ತಾಯಿತಂದೆ ಕೆಲಸಕ್ಕೆ ಹೋಗಿದ್ದರು. ಅಜ್ಜಿಗೆ ಎಪ್ಪತ್ತು ದಾಟಿದೆ. ಹಳೆಯ ಕನ್ನಡ ಶಾಲೆಯಲ್ಲಿ ಐದನೆಯ ತರಗತಿವರೆಗೆ ಓದಿದವರು, ಭಾರತವನ್ನು ತಡೆಯಿಲ್ಲದೆ ವಾಚಿಸುವವರು. ಕಪಾಟಿನಲ್ಲಿ ಒಂದೇ ಗಾತ್ರದ ಎರಡು ಸೀಸೆ, ಒಂದು ಕೆಮ್ಮಿನ ಮದ್ದು, ಇನ್ನೊಂದು ನೀಲಗಿರಿ ಎಣ್ಣೆ. ಎರಡರ ಮೇಲೂ ಇದ್ದ ಬರಹ ಇಂಗ್ಲಿಷ್ ಮತ್ತು ಮಲೆಯಾಳ. ಕನ್ನಡವೊಂದನ್ನೇ ಬಲ್ಲ ಅಜ್ಜಿ ಒಂದು ಚಮಚ ಎಣ್ಣೆಯನ್ನು ಕುಡಿಸಿದರು. ಮಗು ಉಗುಳಿತು, ಅತ್ತಿತು, ಅರ್ಧ ಗಂಟೆಯೊಳಗೆ ತೂಕಡಿಸತೊಡಗಿತು. ಅನಂತರ ಕೈಕಾಲು ಸೆಳೆದು ಕಣ್ಣು ಮೇಲಾಯಿತು. ಮಂಗಳೂರಿಗೆ ಒಯ್ದು ಎರಡು ದಿನ ಆಸ್ಪತ್ರೆಯಲ್ಲಿಟ್ಟರು. ಮಗು ಉಳಿಯಿತು. ‘ಮಾಸ್ಟ್ರೇ, ನಾನು ಓದಲು ಬಾರದವಳೇನಲ್ಲ’ ಎಂದು ಆ ಅಜ್ಜಿ ನಮ್ಮೆದುರು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಅವರ ಮಾತು ಸತ್ಯ. ಓದಲು ಬರುತ್ತಿತ್ತು, ಓದಲು ಅಲ್ಲಿ ಏನೂ ಇರಲಿಲ್ಲ.

ಇದು ಒಂದು ಮನೆಯ ದುರದೃಷ್ಟವೆಂದು ಭಾವಿಸಬೇಡಿ. ಚಿಕ್ಕ ಮಕ್ಕಳು ನೀಲಗಿರಿ ಎಣ್ಣೆಯನ್ನು ನುಂಗಿದರೆ ವಾಂತಿ, ಮಂಪರು, ಸೆಳವು ಬರುವುದನ್ನು ಅನೇಕ ದೇಶಗಳ ವೈದ್ಯರು ದಾಖಲಿಸಿದ್ದಾರೆ. ಕರ್ಪೂರ ಇನ್ನೂ ತೀಕ್ಷ್ಣ. ಹಾಲು ಕುಡಿಯುವ ಶಿಶುವಿಗೆ ಒಂದು ಗ್ರಾಂ ಕರ್ಪೂರವೂ ಪ್ರಾಣಕ್ಕೆ ಕುತ್ತಾಗಬಹುದೆಂದು ವೈದ್ಯಗ್ರಂಥಗಳು ಎಚ್ಚರಿಸುತ್ತವೆ. ದೇವರ ಮುಂದೆ ಉರಿಸುವ ಬಿಲ್ಲೆ ಬೆಳ್ಳಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೆ ಆ ಭೇದ ತಿಳಿಯದು. ಕರ್ಪೂರ ಚರ್ಮದ ಮೂಲಕವೂ ಒಳಸೇರುತ್ತದೆ. ತೆಂಗಿನೆಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೂ ಬೆನ್ನಿಗೂ ತಿಕ್ಕುವ ರೂಢಿ ದೊಡ್ಡವರಿಗೆ ಹೇಗೋ ಸರಿ, ಎರಡು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ದೊಡ್ಡವರಲ್ಲಿಯೂ ಅಪಸ್ಮಾರ ಇರುವವರು ಜಾಗರೂಕರಾಗಿರಬೇಕು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ನರರೋಗತಜ್ಞರು ಸೆಳವಿನಿಂದ ಬಂದ ವಯಸ್ಕ ರೋಗಿಗಳನ್ನು ವಿಚಾರಿಸಿ, ಅವರಲ್ಲಿ ಕೆಲವರಿಗೆ ನೀಲಗಿರಿ ಮತ್ತು ಕರ್ಪೂರದ ತೈಲಗಳೇ ನಿಮಿತ್ತವಾಗಿದ್ದುದನ್ನು ಗುರುತಿಸಿ ಪ್ರಕಟಿಸಿದ್ದಾರೆ.

ಬಜೆಯ ಮಾತನ್ನೂ ಆಡಬೇಕು, ತಾಯಂದಿರು ಮುನಿಯದಿರಲಿ. ಎಳೆಯ ಮಗುವಿನ ನಾಲಗೆಗೆ ಬಜೆ ತೇದು ಹಚ್ಚಿದರೆ ಮಾತು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯಿದೆ. ಬಜೆಯ ಎಣ್ಣೆಯಲ್ಲಿ ಬೀಟಾ ಆಸರೋನ್ ಎಂಬ ದ್ರವ್ಯವುಂಟು. ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಗೆಡ್ಡೆಗಳು ಬಂದುವೆಂದು ಕಂಡು ಅಮೆರಿಕದ ಸರಕಾರ ೧೯೬೮ರಲ್ಲಿ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಮೆರಿಕದಲ್ಲಿ ಸಹಜವಾಗಿ ಬೆಳೆಯುವ ಬಜೆಯಲ್ಲಿ ಆ ದ್ರವ್ಯವಿಲ್ಲ. ನಮ್ಮ ಭಾರತದ ಬಜೆಯಲ್ಲಿಯೇ ಅತಿ ಹೆಚ್ಚು. ಒಂದು ಸಲ ತೇದದ್ದರಿಂದ ಯಾವ ಮಗುವಿಗೆ ಏನಾಯಿತೆಂದು ನಾವು ಹೇಳುತ್ತಿಲ್ಲ, ಇಲಿ ಮನುಷ್ಯನೂ ಅಲ್ಲ. ಆದರೆ ಲಾಭಕ್ಕೆ ಸಾಕ್ಷಿಯಿಲ್ಲ, ಸಂದೇಹಕ್ಕೆ ಕಾರಣವಿದೆ. ಅಂತಹದನ್ನು ಹಸುಳೆಯ ನಾಲಗೆಗೆ ಇಡುವ ಮೊದಲು ವೈದ್ಯರನ್ನು ಕೇಳುವುದು ನ್ಯಾಯ. ಮಗುವಿಗೆ ಮಾತು ಬರುವುದು ಮನೆಯವರು ಅದರೊಡನೆ ಮಾತನಾಡುವುದರಿಂದ. ಅದರಲ್ಲಿಯೂ ಕನ್ನಡದಲ್ಲಿ ಮಾತನಾಡಿದರೆ ನಮ್ಮ ಶಾಲೆಗೂ ಉಪಕಾರ.

ಮಗು ಇಂತ ಎಣ್ಣೆಯನ್ನು ಕುಡಿದುಬಿಟ್ಟರೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಿ ಬರೆದುಕೊಂಡಿದ್ದೇವೆ. ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸಕೂಡದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇಮ್ಮಡಿಯಾಗುತ್ತದೆ. ಉಪ್ಪುನೀರು ಕುಡಿಸಕೂಡದು. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಕಾದು ಕುಳಿತುಕೊಳ್ಳಕೂಡದು. ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ ೧೦೮ಕ್ಕೆ ಕರೆ ಮಾಡಬೇಕು. ಸೆಳವು ಬಂದಲ್ಲಿ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬಾರದು.

ಸೀಸೆಯ ಮೇಲೆ ಕನ್ನಡದಲ್ಲಿಯೂ ಅಚ್ಚು ಹಾಕಿಸಬೇಕೆಂದು ಸಂಘದ ವತಿಯಿಂದ ಅಧಿಕಾರಿಗಳಿಗೆ ಮನವಿ ಬರೆದಾಗಿದೆ. ಇಂದು ಸಹಿ ಮಾಡಲು ಪುಸ್ತಕವನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದಾರೆ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಕಚೇರಿಯ ನಮೂನೆ, ಶಾಲೆಯ ಪುಸ್ತಕ ಇವಿಷ್ಟೇ ಎಂದು ಎಣಿಸಿಕೊಂಡು ಬಂದಿದ್ದೇವೆ. ಮದ್ದಿನ ಸೀಸೆಯೂ ಆ ಪಟ್ಟಿಗೆ ಸೇರಬೇಕು. ಮನವಿಗೆ ಉತ್ತರ ಬರುವವರೆಗೆ ಕಾಯುವಂತಿಲ್ಲವಾದುದರಿಂದ, ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ದಪ್ಪ ಅಕ್ಷರದಲ್ಲಿ ಚೀಟಿಗಳನ್ನು ಬರೆದು ತಂದಿದ್ದಾರೆ: ‘ನೀಲಗಿರಿ ಎಣ್ಣೆ, ಹೊರಗೆ ಹಚ್ಚಲು ಮಾತ್ರ, ಕುಡಿಯಬಾರದು’, ‘ಕರ್ಪೂರ, ಮಕ್ಕಳ ಕೈಗೆ ಸಿಗದಂತೆ ಇಡಿ’, ‘ಲವಂಗದ ಎಣ್ಣೆ, ಹಲ್ಲಿಗೆ ಮಾತ್ರ’. ಹಿಂಬದಿಗೆ ಅಂಟು ಹಚ್ಚಿದೆ. ಮನೆಗೆ ಮೂರರಂತೆ ಬಾಗಿಲ ಬಳಿ ಹಂಚುತ್ತಾರೆ. ಸೀಸೆಯನ್ನು ಒಣಬಟ್ಟೆಯಿಂದ ಒರಸಿ ಅಂಟಿಸಬೇಕು, ಎಣ್ಣೆ ತಾಗಿದರೆ ಚೀಟಿ ನಿಲ್ಲುವುದಿಲ್ಲ.